ಗುರುತ್ವದ ಅಲೆಯೂ ದಿನದಿನದ ಆರೈಕೆಯೂ

(ಶಾಲೆಯ ಶತಮಾನೋತ್ಸವದ ಎರಡನೆಯ ದಿನದ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಠ್ಯ)



ಶಾಲೆಯ ನೂರು ವರ್ಷಗಳ ಇತಿಹಾಸವನ್ನು ನಿನ್ನೆಯ ಸಭೆಯಲ್ಲಿ ಹಿರಿಯರು ವಿವರವಾಗಿ ಹೇಳಿದ್ದಾರೆ. ಇಂದು ವಿಜ್ಞಾನದ ವಿಷಯವೊಂದನ್ನು ಎತ್ತಿಕೊಳ್ಳಬೇಕೆಂದು ಸಮಿತಿಯವರು ಕೇಳಿಕೊಂಡರು. ನಾವು ಆರಿಸಿಕೊಂಡಿರುವುದು ಗುರುತ್ವದ ಅಲೆಗಳನ್ನು ಹಿಡಿಯುವ ಯಂತ್ರದ ವಿಷಯ. ಆ ಯಂತ್ರ ಕಂಡುಹಿಡಿದುದಕ್ಕಿಂತ ಹೆಚ್ಚಾಗಿ, ಅದನ್ನು ಪ್ರತಿದಿನ ಯಾರು, ಹೇಗೆ ನೋಡಿಕೊಳ್ಳುತ್ತಾರೆ ಎಂಬುದನ್ನು ಹೇಳಬೇಕೆಂದಿದ್ದೇವೆ. ಇದಕ್ಕೂ ತಾಳಮಲೆಯ ಒಂದು ಕನ್ನಡ ಶಾಲೆಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧವಿದೆ. ಅದನ್ನು ಕೊನೆಯಲ್ಲಿ ತಮ್ಮ ಮುಂದಿಡುತ್ತೇವೆ.

ನೂರು ವರ್ಷ ಎಂಬ ಲೆಕ್ಕ ಈ ವಿಷಯದಲ್ಲಿಯೂ ಇದೆ. ಭಾರವಾದ ಕಾಯಗಳು ವೇಗವಾಗಿ ಒಂದನ್ನೊಂದು ಸುತ್ತಿದಾಗ ಆಕಾಶದಲ್ಲಿಯೇ ಅಲೆಗಳು ಏಳುತ್ತವೆ ಎಂದು ಆಲ್ಬರ್ಟ್ ಐನ್‌ಸ್ಟೈನ್ ಬರೆದದ್ದು 1916ರಲ್ಲಿ. ಅಂತಹ ಅಲೆಯೊಂದು ನಿಜವಾಗಿಯೂ ಸಿಕ್ಕಿತು ಎಂದು ವಿಜ್ಞಾನಿಗಳು ಲೋಕಕ್ಕೆ ತಿಳಿಸಿದ್ದು 2016ರ ಫೆಬ್ರವರಿ 11ರಂದು. ಒಂದು ಮಾತು ನಿಜವೆಂದು ತಿಳಿಯಲು ನೂರು ವರ್ಷ ಬೇಕಾಯಿತು.

ಅಲೆ ಎಂದರೆ ಏನು? ಮನೆಯ ಜರಡಿಯ ಬಿದಿರು ಬಳೆಯನ್ನು ಎಡಬಲದಿಂದ ಮೆಲ್ಲಗೆ ಒತ್ತಿ ನೋಡಿ. ಅಗಲ ಕುಗ್ಗುತ್ತದೆ, ಉದ್ದ ಹಿಗ್ಗುತ್ತದೆ. ಬಿಟ್ಟರೆ ಮತ್ತೆ ದುಂಡಾಗುತ್ತದೆ. ಗುರುತ್ವದ ಅಲೆ ಹಾದುಹೋಗುವಾಗ ಎಲ್ಲ ವಸ್ತುಗಳೂ, ನಾವೂ ನೀವೂ ಈ ಬೆಟ್ಟವೂ, ಹಾಗೆಯೇ ಒಂದು ದಿಕ್ಕಿನಲ್ಲಿ ಕುಗ್ಗಿ ಇನ್ನೊಂದು ದಿಕ್ಕಿನಲ್ಲಿ ಹಿಗ್ಗುತ್ತವೆ. ಆದರೆ ಆ ಕುಗ್ಗುವಿಕೆ ಎಷ್ಟು ಚಿಕ್ಕದೆಂದರೆ, ಮೊದಲು ಸಿಕ್ಕ ಅಲೆಯು ನಾಲ್ಕು ಕಿಲೋಮೀಟರ್ ಉದ್ದದಲ್ಲಿ ಮಾಡಿದ ವ್ಯತ್ಯಾಸ, ಒಂದು ಪ್ರೋಟಾನಿನ ಅಗಲವನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡು ಮೂರು ಪಾಲು ಮಾತ್ರ. ಪ್ರೋಟಾನ್ ಎಂಬುದು ಅಣುವಿನ ಒಡಲಿನಲ್ಲಿರುವ ಬೀಜದ ಒಂದು ಕಣ ಎಂಬುದು ಹತ್ತನೆಯ ತರಗತಿಯ ಮಕ್ಕಳಿಗೆ ಗೊತ್ತು.

ಇಷ್ಟು ಸಣ್ಣ ವ್ಯತ್ಯಾಸವನ್ನು ಅಳೆಯುವ ಯಂತ್ರದ ಹೆಸರು ಲೈಗೋ. ಅಮೆರಿಕದಲ್ಲಿ ಇಂತಹವು ಎರಡು ಇವೆ. ಒಂದು ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್‌ನಲ್ಲಿ, ಇನ್ನೊಂದು ಸುಮಾರು 3,000 ಕಿಲೋಮೀಟರ್ ದೂರದ ಲೂಸಿಯಾನಾ ರಾಜ್ಯದ ಲಿವಿಂಗ್‌ಸ್ಟನ್‌ನಲ್ಲಿ. ಬಡಗಿಯ ಮೂಲೆಮಟ್ಟದಂತೆ ಎರಡು ತೋಳುಗಳು, ಒಂದೊಂದೂ ನಾಲ್ಕು ಕಿಲೋಮೀಟರ್ ಉದ್ದ. ತೋಳೆಂದರೆ ಗಾಳಿಯನ್ನೆಲ್ಲ ಹೊರತೆಗೆದ ಉಕ್ಕಿನ ಕೊಳವೆ. ಒಂದೇ ಲೇಸರ್ ಬೆಳಕನ್ನು ಎರಡಾಗಿ ಸೀಳಿ ಎರಡು ಕೊಳವೆಗಳಿಗೂ ಕಳುಹಿಸುತ್ತಾರೆ. ಕೊನೆಯ ಕನ್ನಡಿಗಳಿಂದ ಹಿಂದಿರುಗಿದ ಬೆಳಕು ಒಂದನ್ನೊಂದು ಕೂಡಿದಾಗ, ತೋಳುಗಳ ಉದ್ದದಲ್ಲಿ ಕೂದಲೆಳೆಯ ಕೋಟಿಯ ಪಾಲಿಗಿಂತ ಕಿರಿದಾದ ವ್ಯತ್ಯಾಸವಾದರೂ ಅದು ಬೆಳಕಿನಲ್ಲಿ ಕಾಣಿಸಿಕೊಳ್ಳುತ್ತದೆ. ಒಂದೊಂದು ಕನ್ನಡಿಯೂ 40 ಕಿಲೋ ತೂಗುವ ಗಾಜಿನ ಗುಂಡು. ಅದನ್ನು 0.4 ಮಿಲಿಮೀಟರ್ ದಪ್ಪದ ಗಾಜಿನ ಎಳೆಗಳಿಂದ, ಒಂದರ ಕೆಳಗೊಂದು ತೂಗುವ ನಾಲ್ಕು ಹಂತದ ಲೋಲಕದ ತುದಿಯಲ್ಲಿ ನೇತುಹಾಕಿದ್ದಾರೆ. ನೆಲದ ನಡುಕ ಕನ್ನಡಿಯವರೆಗೆ ಇಳಿಯದಿರಲಿ ಎಂಬುದಕ್ಕಾಗಿ ಈ ಏರ್ಪಾಡು.

ಆದರೂ ನಡುಕ ಇಳಿಯುತ್ತದೆ. ಇಲ್ಲಿಂದಲೇ ನಮ್ಮ ವಿಷಯ ಮೊದಲಾಗುತ್ತದೆ. ಜಗತ್ತಿನ ಯಾವ ಮೂಲೆಯಲ್ಲಿ ದೊಡ್ಡ ಭೂಕಂಪವಾದರೂ ಕನ್ನಡಿಗಳು ಹೊಂದಿಕೆ ತಪ್ಪುತ್ತವೆ. ಸಮುದ್ರದ ಅಲೆಗಳು ದಡಕ್ಕೆ ಬಡಿಯುವ ಕಂಪನ ನೂರಾರು ಮೈಲಿ ದೂರಕ್ಕೂ ತಲುಪುತ್ತದೆ. ಲಿವಿಂಗ್‌ಸ್ಟನ್‌ನ ಸುತ್ತ ಕಾಡಿನಲ್ಲಿ ಮರ ಕಡಿದರೆ, ಹತ್ತಿರದ ಹಳಿಯ ಮೇಲೆ ರೈಲು ಹೋದರೆ, ಅದು ದಾಖಲಾಗುತ್ತದೆ. ಹ್ಯಾನ್‌ಫರ್ಡ್ ಒಣಭೂಮಿ. ಅಲ್ಲಿ ಗಾಳಿ ಜೋರಾಗಿ ಬೀಸಿದರೆ ಕಟ್ಟಡವೇ ತುಸು ವಾಲುತ್ತದೆ. ಅದಕ್ಕೆಂದು ಗಾಳಿಯನ್ನು ತಡೆಯುವ ಬೇಲಿಗಳನ್ನು ಕಟ್ಟಿದ್ದಾರೆ. ಬಯಲಿನಲ್ಲಿ ಉರುಳಿಬರುವ ಒಣ ಮುಳ್ಳುಗಿಡಗಳು ಕೊಳವೆಯ ಪಕ್ಕದಲ್ಲಿ ರಾಶಿಯಾಗುತ್ತವೆ. ಅವನ್ನು ತೆಗೆದು ಹಾಕುವುದೂ ಒಂದು ಕೆಲಸವೇ.

ಹಾಗಾದರೆ ದಿನದ ಕೆಲಸ ಹೇಗೆ ನಡೆಯುತ್ತದೆ? ಹಗಲಿರುಳೂ ಪಾಳಿಯ ಮೇಲೆ ಒಬ್ಬರು ನಿಯಂತ್ರಣ ಕೊಠಡಿಯಲ್ಲಿ ಕುಳಿತಿರುತ್ತಾರೆ. ಕನ್ನಡಿಗಳು ಹೊಂದಿಕೆಯಲ್ಲಿ ನಿಂತಿವೆಯೇ ಎಂದು ನೋಡುವುದು, ತಪ್ಪಿದರೆ ಮತ್ತೆ ಹಂತಹಂತವಾಗಿ ಕೂಡಿಸಿ ನಿಲ್ಲಿಸುವುದು ಅವರ ಹೊಣೆ. ಇದಕ್ಕೆ ಕೆಲವೊಮ್ಮೆ ಅರ್ಧ ಗಂಟೆ ಸಾಕು, ಕೆಲವೊಮ್ಮೆ ಗಂಟೆಗಟ್ಟಲೆ ಬೇಕು. ವಾರಕ್ಕೊಮ್ಮೆ, ಮಂಗಳವಾರ ಬೆಳಿಗ್ಗೆ, ಕೆಲವು ಗಂಟೆಗಳ ಕಾಲ ಅಲೆಗಾಗಿ ಕಾಯುವುದನ್ನು ನಿಲ್ಲಿಸಿ ಎಲ್ಲ ರಿಪೇರಿ ಕೆಲಸಗಳನ್ನು ಮಾಡುತ್ತಾರೆ. ಪಂಪು, ತಂತಿ, ಕೇಬಲ್, ನೀರಿನ ಕೊಳವೆ, ಗಾಳಿ ಸೋಸುವ ಯಂತ್ರ, ಎಲ್ಲವೂ ಆ ಹೊತ್ತಿನಲ್ಲಿಯೇ. ಕನ್ನಡಿಯ ಬಳಿ ಹೋಗುವವರು ಅಡಿಯಿಂದ ಮುಡಿಯವರೆಗೆ ಉಡುಪು, ಕೈಗೆ ಗವಸು ತೊಡಬೇಕು. ಕನ್ನಡಿಯ ಮೇಲೆ ಒಂದು ಧೂಳಿನ ಕಣ ಕೂತರೂ ಅದರ ಮೇಲೆ ಬೀಳುವ ನೂರಾರು ಕಿಲೋವಾಟ್ ಬೆಳಕಿಗೆ ಆ ಚುಕ್ಕೆ ಕಾದು ಕೆಲಸ ಕೆಡುತ್ತದೆ. ಏನು ಮಾಡಿದೆವು, ಏಕೆ ಮಾಡಿದೆವು, ಏನು ಕಂಡಿತು ಎಂದು ಪ್ರತಿಯೊಬ್ಬರೂ ದಿನಚರಿ ದಾಖಲೆಯಲ್ಲಿ ಬರೆಯುತ್ತಾರೆ. ಆ ದಾಖಲೆಯನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದು.

ಇನ್ನು ದೋಷ ಹುಡುಕುವ ಕೆಲಸ. ಯಂತ್ರದ ಸುತ್ತ ಕಂಪನಮಾಪಕ, ಮೈಕ್ರೊಫೋನ್, ಆಯಸ್ಕಾಂತ ಮಾಪಕಗಳನ್ನು ಇಟ್ಟಿದ್ದಾರೆ. ಇವೂ ಯಂತ್ರದ ಒಳಗಿನ ಅಳತೆಗಳೂ ಸೇರಿ ಎರಡು ಲಕ್ಷಕ್ಕೂ ಹೆಚ್ಚು ವಿಷಯಗಳು ನಿರಂತರವಾಗಿ ದಾಖಲಾಗುತ್ತವೆ. ಅಲೆಯನ್ನು ಹೋಲುವ ಒಂದು ಸದ್ದು ಕಂಡರೆ, ಅದೇ ಕ್ಷಣದಲ್ಲಿ ಬೇರೆ ಯಾವ ಮಾಪಕ ಅಲುಗಿತು ಎಂದು ನೋಡುತ್ತಾರೆ.

2017ರ ಬೇಸಿಗೆಯಲ್ಲಿ ಹ್ಯಾನ್‌ಫರ್ಡ್‌ನಲ್ಲಿ ಗೊತ್ತಿಲ್ಲದ ಸದ್ದೊಂದು ಮತ್ತೆ ಮತ್ತೆ ಬರತೊಡಗಿತು. ತೋಳಿನ ತುದಿಯ ಕಟ್ಟಡದ ಮೈಕ್ರೊಫೋನಿನ ದಾಖಲೆಯನ್ನು ಕೇಳಿದಾಗ ಏನನ್ನೋ ಕುಕ್ಕುವ ಶಬ್ದ. ಹೋಗಿ ನೋಡಿದರೆ, ಅತಿ ತಣ್ಣನೆಯ ದ್ರವ ಸಾರಜನಕ ಹರಿಯುವ ಕೊಳವೆಯ ಮೇಲೆ ಹಿಮ ಕಟ್ಟಿತ್ತು. ಬಾಯಾರಿದ ಕಾಡುಕಾಗೆಗಳು ಬಂದು ಆ ಹಿಮವನ್ನು ಕುಕ್ಕುತ್ತಿದ್ದವು! ಹಿಮದ ಮೇಲೆ ಕೊಕ್ಕಿನ ಗುರುತುಗಳೂ ಇದ್ದವು. ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ತಾವೇ ಹಿಮವನ್ನು ಕುಟ್ಟಿ, ಅದೇ ಸದ್ದು ಯಂತ್ರದಲ್ಲಿ ಬರುತ್ತದೆಯೇ ಎಂದು ಪರೀಕ್ಷಿಸಿ ನೋಡಿದರು. ಬಂದಿತು. ಆಮೇಲೆ ಹಿಮ ಕಟ್ಟದಂತೆ ಕೊಳವೆಗೆ ಹೊದಿಕೆ ಹಾಕಿದರು. ಇಲ್ಲಿ ಮೂರು ಹೆಜ್ಜೆಗಳನ್ನು ಮಕ್ಕಳು ಗಮನಿಸಬೇಕು. ಕಾರಣವನ್ನು ಊಹಿಸಿದರು, ಊಹೆಯನ್ನು ಪರೀಕ್ಷಿಸಿದರು, ಕಾಗೆಗಳ ಮೇಲೆ ಕೋಪಿಸಿಕೊಳ್ಳದೆ ಕೊಳವೆಯನ್ನು ಸರಿಪಡಿಸಿದರು.

ಇಟಲಿಯ ಪೀಸಾ ನಗರದ ಹತ್ತಿರ ವರ್ಗೋ ಎಂಬ ಇಂತಹದೇ ಯಂತ್ರವಿದೆ. ಅಲ್ಲಿ ಕನ್ನಡಿಯನ್ನು ಹೊತ್ತ ಗಾಜಿನ ಎಳೆಗಳು ಕಾರಣ ತಿಳಿಯದೆ ತುಂಡಾಗತೊಡಗಿದವು. ಎಳೆಯಲ್ಲಿ ದೋಷವೇನೂ ಇರಲಿಲ್ಲ. ಕೊನೆಗೆ ಗೊತ್ತಾದದ್ದು ಇದು: ಗಾಳಿ ಹೀರುವ ಪಂಪಿನಿಂದ ಬಂದ ಧೂಳಿನ ಕಣಗಳು, ಒಳಗೆ ಗಾಳಿ ಬಿಡುವಾಗ ರಭಸದಿಂದ ಬಂದು ಎಳೆಗೆ ತಾಗುತ್ತಿದ್ದವು. ಅದು ಸರಿಯಾಗುವವರೆಗೆ ಕೆಲಸ ನಿಲ್ಲಬಾರದೆಂದು ತಾತ್ಕಾಲಿಕವಾಗಿ ಉಕ್ಕಿನ ತಂತಿಗಳಿಂದ ಕನ್ನಡಿಗಳನ್ನು ನೇತುಹಾಕಿ, 2017ರ ಆಗಸ್ಟ್ 1ರಂದು ವರ್ಗೋ ಕೂಡ ಲೈಗೋದ ಜೊತೆ ಸೇರಿತು.

ಇದೆಲ್ಲ ನಮಗೆ ಅಪರಿಚಿತವೇ? ನಮ್ಮ ಊರಿನ ರೈತರನ್ನು ಕೇಳಿ. ರಾಗಿ, ಕಬ್ಬು, ಬಾಳೆ ಬೆಳೆಯುವ ಹೊಲದ ಸುತ್ತ ಆನೆಗೆಂದು ಸೋಲಾರ್ ಬೇಲಿ ಹಾಕಿರುತ್ತಾರೆ. ಒಂದು ಲಂಟಾನದ ಕೊಂಬೆ ತಂತಿಗೆ ತಾಗಿದರೆ ಸಾಕು, ಕರೆಂಟು ನೆಲಕ್ಕೆ ಇಳಿದುಹೋಗುತ್ತದೆ. ಬೇಲಿ ನಿಂತಿರುವಂತೆಯೇ ಕಾಣುತ್ತದೆ, ಆದರೆ ಬೇಲಿಯಲ್ಲ. ಆನೆ ಬರುವುದು ವರ್ಷದಲ್ಲಿ ಯಾವ ರಾತ್ರಿಯೋ ಯಾರಿಗೂ ಗೊತ್ತಿಲ್ಲ. ಆದುದರಿಂದ ದಿನವೂ ಬೇಲಿಯ ಉದ್ದಕ್ಕೆ ನಡೆಯಬೇಕು, ಕೊಂಬೆ ಕಡಿಯಬೇಕು, ಬ್ಯಾಟರಿ ನೋಡಬೇಕು. ಲೈಗೋದಲ್ಲಿ ಪಾಳಿಯ ಮೇಲೆ ಕುಳಿತವರ ಕಷ್ಟವೂ ಇದೇ. ಅಲೆ ಯಾವಾಗ ಬರುತ್ತದೆಂದು ತಿಳಿಯದು. ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತದೆ. ಆ ಗಳಿಗೆಯಲ್ಲಿ ಯಂತ್ರ ಸರಿಯಾಗಿರಬೇಕಾದರೆ ಎಲ್ಲ ಗಳಿಗೆಯಲ್ಲಿಯೂ ಸರಿಯಾಗಿರಬೇಕು.

ಆ ಗಳಿಗೆ ಬಂದದ್ದು 2015ರ ಸೆಪ್ಟೆಂಬರ್ 14ರ ಸೋಮವಾರ. ನಮ್ಮ ಕಾಲಮಾನದಲ್ಲಿ ಮಧ್ಯಾಹ್ನ 3 ಗಂಟೆ 20 ನಿಮಿಷ. ಗಣೇಶನ ಹಬ್ಬಕ್ಕೆ ಇನ್ನು ಮೂರು ದಿನವಿತ್ತು. ಲಿವಿಂಗ್‌ಸ್ಟನ್‌ನಲ್ಲಿ ಆಗ ಮುಂಜಾನೆ 4 ಗಂಟೆ 50 ನಿಮಿಷ. ಹೊಸದಾಗಿ ಸುಧಾರಿಸಿದ ಯಂತ್ರದ ಅಧಿಕೃತ ವೀಕ್ಷಣೆ ಇನ್ನೂ ಆರಂಭವಾಗಿರಲಿಲ್ಲ. ರಾಬರ್ಟ್ ಸ್ಕೋಫೀಲ್ಡ್ ಮತ್ತು ಅನಾಮರಿಯಾ ಎಫ್ಲರ್ ಎಂಬ ಇಬ್ಬರು ಲಿವಿಂಗ್‌ಸ್ಟನ್‌ನಲ್ಲಿ ರಾತ್ರಿಯೆಲ್ಲ ಹೊರಗಿನ ಕಂಪನ, ಸದ್ದುಗಳು ಯಂತ್ರವನ್ನು ಹೇಗೆ ತಟ್ಟುತ್ತವೆ ಎಂಬ ಪರೀಕ್ಷೆ ಮಾಡುತ್ತಿದ್ದರು. ನಾಲ್ಕು ಗಂಟೆಯ ಸುಮಾರಿಗೆ ಕೆಲಸ ನಿಲ್ಲಿಸಿ, ಯಂತ್ರವನ್ನು ಅದರ ಪಾಡಿಗೆ ಬಿಟ್ಟು ಹೊರಟರು. ಒಂದು ಗಂಟೆ ಕಳೆಯುವುದರೊಳಗೆ ಅಲೆ ಬಂದಿತು. ಮೊದಲು ಲಿವಿಂಗ್‌ಸ್ಟನ್‌ನಲ್ಲಿ, ಸೆಕೆಂಡಿನ ಸಾವಿರದ ಏಳು ಪಾಲಿನ ಬಳಿಕ ಹ್ಯಾನ್‌ಫರ್ಡ್‌ನಲ್ಲಿ. ಹ್ಯಾನ್‌ಫರ್ಡ್‌ನಲ್ಲಿ ಆ ರಾತ್ರಿಯ ಪಾಳಿಯಲ್ಲಿದ್ದವರು ನಟ್ಸಿನೀ ಕಿಜ್‌ಬುಂಚೂ ಎಂಬ ಥಾಯ್ಲೆಂಡ್ ಮೂಲದ ಯುವತಿ. ನಮ್ಮ ಹೆಣ್ಣುಮಕ್ಕಳು ಈ ಹೆಸರನ್ನು ನೆನಪಿಟ್ಟುಕೊಳ್ಳಲಿ.

ಬಂದ ಅಲೆ ಎಲ್ಲಿಯದು? ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಒಂದು ಸೂರ್ಯನ 36ರಷ್ಟು, ಇನ್ನೊಂದು 29ರಷ್ಟು ತೂಕದ ಎರಡು ಕಪ್ಪುಕುಳಿಗಳು ಒಂದರೊಳಗೊಂದು ಸೇರಿದ್ದವು. ಯಂತ್ರಕ್ಕೆ ಕೇಳಿಸಿದ್ದು ಸೆಕೆಂಡಿನ ಐದನೆಯ ಒಂದು ಪಾಲಿನಷ್ಟು ಮಾತ್ರ.

ಸಂತೋಷದಿಂದ ಕುಣಿಯಬೇಕಾದ ಹೊತ್ತಿನಲ್ಲಿ ಅವರು ಮಾಡಿದ್ದು ಅನುಮಾನಪಡುವ ಕೆಲಸ. ಅದಕ್ಕೊಂದು ಹಿನ್ನೆಲೆಯಿದೆ. 2010ರ ಸೆಪ್ಟೆಂಬರಿನಲ್ಲಿ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಲು, ಕೆಲವರಿಗೆ ಮಾತ್ರ ತಿಳಿದಂತೆ ಸುಳ್ಳು ಅಲೆಯೊಂದನ್ನು ಯಂತ್ರದೊಳಗೆ ಸೇರಿಸಿದ್ದರು. ನೂರಾರು ವಿಜ್ಞಾನಿಗಳು ತಿಂಗಳುಗಟ್ಟಲೆ ದುಡಿದು ಲೇಖನವನ್ನೂ ಸಿದ್ಧಪಡಿಸಿದರು. 2011ರ ಮಾರ್ಚಿನಲ್ಲಿ ಲಕೋಟೆ ಒಡೆದಾಗ ಅದು ಪರೀಕ್ಷೆ ಎಂದು ತಿಳಿಯಿತು. ಹೀಗಾಗಿ 2015ರಲ್ಲಿ ಎಲ್ಲರ ಮೊದಲ ಪ್ರಶ್ನೆ, ಇದೂ ಪರೀಕ್ಷೆಯೇ ಎಂಬುದು. ಅಲ್ಲವೆಂದು ಖಚಿತವಾದ ಮೇಲೆ ಇನ್ನೊಂದು ಕಟ್ಟುನಿಟ್ಟು: ಯಂತ್ರವನ್ನು ಇದ್ದ ಹಾಗೆಯೇ ಇಡಬೇಕು, ಅದರ ಹೊಂದಿಕೆಯನ್ನು ಬದಲಿಸಬಾರದು. ಸುಮ್ಮನೆ ಸದ್ದುಗಳು ಕೂಡಿ ಇಂತಹ ಗುರುತು ಮೂಡಲು ಎಷ್ಟು ಸಾಧ್ಯ ಎಂದು ಲೆಕ್ಕ ಹಾಕಲು ಎರಡೂ ಯಂತ್ರಗಳ ಹದಿನಾರು ದಿನಗಳ ದಾಖಲೆ ಬೇಕಾಗಿತ್ತು. ಲೆಕ್ಕದಲ್ಲಿ ಬಂದ ಉತ್ತರ, 2,03,000 ವರ್ಷಗಳಲ್ಲಿ ಒಮ್ಮೆಗಿಂತಲೂ ಕಡಿಮೆ. ಆಗ ಮಾತ್ರ ಅವರು ಮಾತನಾಡಿದರು. ಸರಿಪಡಿಸುವ ಕೈ ಸುಮ್ಮನಿರಬೇಕಾದ ಹೊತ್ತೂ ಒಂದಿದೆ. ಅದನ್ನು ಬಲ್ಲವರೇ ಒಳ್ಳೆಯ ಕೆಲಸಗಾರರು.

ಎರಡು ವರ್ಷಗಳ ಬಳಿಕ, 2017ರ ಆಗಸ್ಟ್ 17ರಂದು, ಎರಡು ನ್ಯೂಟ್ರಾನ್ ನಕ್ಷತ್ರಗಳು ಕೂಡಿದ ಅಲೆ ಬಂದಿತು. ಅದು ಮುಗಿಯುವುದಕ್ಕೆ ಒಂದು ಸೆಕೆಂಡಿಗಿಂತ ತುಸು ಮೊದಲು ಲಿವಿಂಗ್‌ಸ್ಟನ್‌ನ ದಾಖಲೆಯಲ್ಲಿ ದೊಡ್ಡದೊಂದು ದೋಷದ ಸದ್ದು ಬಿದ್ದು ಅಲೆಯನ್ನು ಮುಚ್ಚಿಬಿಟ್ಟಿತ್ತು. ಗಣಕ ಅದನ್ನು ತಳ್ಳಿಹಾಕುವುದರಲ್ಲಿತ್ತು. ಇಂತಹ ಸದ್ದುಗಳ ಗುಣವನ್ನು ವರ್ಷಗಟ್ಟಲೆ ಅರಿತಿದ್ದವರು ಅದನ್ನು ಗುರುತಿಸಿ ಬೇರ್ಪಡಿಸಿದರು. ಕಸದ ಕೆಳಗೆ ಅಲೆ ಹಾಗೆಯೇ ಇತ್ತು. ಮೂರು ಯಂತ್ರಗಳ ದಾಖಲೆ ಸೇರಿಸಿ ದಿಕ್ಕನ್ನು ತಿಳಿಸಿದಾಗ, ಲೋಕದ ದೂರದರ್ಶಕಗಳೆಲ್ಲ ಅತ್ತ ತಿರುಗಿ ಆ ಬೆಳಕನ್ನು ಕಂಡವು.

ಇದರಲ್ಲಿ ಕನ್ನಡದವರ ಪಾಲು ಏನೆಂದು ಮಕ್ಕಳು ಕೇಳುತ್ತಾರೆ. ದೊಡ್ಡ ಪಾಲಿದೆ. ಕನ್ನಡದ ಲೇಖಕರಾದ ಸಿ. ಕೆ. ವೆಂಕಟರಾಮಯ್ಯನವರ ಮಗ ಸಿ. ವಿ. ವಿಶ್ವೇಶ್ವರ ಅವರು 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದವರು. ದೇವಸ್ಥಾನದ ಗಂಟೆಯನ್ನು ಬಾರಿಸಿದರೆ ನಾದ ಮೊಳಗಿ ಕ್ರಮೇಣ ಅಡಗುತ್ತದೆ. ಕಂಚಿನ ಗಂಟೆಗೆ ತನ್ನದೇ ನಾದ, ಚಿಕ್ಕ ಗಂಟೆಗೆ ತನ್ನದೇ ನಾದ. ಕಪ್ಪುಕುಳಿಯನ್ನು ತಟ್ಟಿದರೂ ಅದು ಹೀಗೆಯೇ ತನ್ನದೇ ಆದ ನಾದವನ್ನು ಹೊರಡಿಸಿ ಅಡಗುತ್ತದೆ ಎಂದು ಅವರು ಲೆಕ್ಕ ಹಾಕಿ 1970ರಲ್ಲಿ ಪ್ರಕಟಿಸಿದರು. 2015ರ ಅಲೆಯ ಕೊನೆಯಲ್ಲಿ ಕಂಡದ್ದು ಆ ಅಡಗುವ ನಾದವೇ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಮೊದಲ ನಿರ್ದೇಶಕರಾಗಿ ಸಾವಿರಾರು ಮಕ್ಕಳಿಗೆ ಆಕಾಶವನ್ನು ತೋರಿಸಿದವರೂ ಅವರೇ. 45 ವರ್ಷಗಳ ಬಳಿಕ ತಮ್ಮ ಲೆಕ್ಕ ನಿಜವಾದುದನ್ನು ಕಂಡು, 2017ರ ಜನವರಿಯಲ್ಲಿ ತೀರಿಕೊಂಡರು.

ಇನ್ನು ಮುಂದಿನ ಮಾತು. ನಮ್ಮ ದೇಶದಲ್ಲಿಯೇ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಧಾದಲ್ಲಿ ಲೈಗೋ-ಇಂಡಿಯಾ ಎದ್ದು ನಿಲ್ಲಲಿದೆ. 2023ರ ಏಪ್ರಿಲಿನಲ್ಲಿ ಕೇಂದ್ರ ಸಚಿವ ಸಂಪುಟ 2,600 ಕೋಟಿ ರೂಪಾಯಿಗಳ ಈ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಷ್ಟು ದೂರವೂ ಹೋಗಬೇಕಾಗಿಲ್ಲ. ನಮ್ಮ ಪಕ್ಕದ ನೀಲಗಿರಿಯಲ್ಲಿ, ಊಟಿಯ ಹತ್ತಿರದ ಮುತ್ತೊರೆಯ ಬೆಟ್ಟದ ಇಳಿಜಾರಿನಲ್ಲಿ, ಗೋವಿಂದ ಸ್ವರೂಪರು ಕಟ್ಟಿಸಿದ 530 ಮೀಟರ್ ಉದ್ದದ ರೇಡಿಯೊ ದೂರದರ್ಶಕ 1970ರಿಂದ ನಿಂತಿದೆ. ಅದರ ಸಾವಿರಕ್ಕೂ ಹೆಚ್ಚು ಉಕ್ಕಿನ ತಂತಿಗಳು ಮಳೆಗೂ ಮಂಜಿಗೂ ಮೈಯೊಡ್ಡಿವೆ. ಊಟಿಯಲ್ಲಿಯೇ ಇರುವ ವಿಶ್ವಕಿರಣ ಪ್ರಯೋಗಾಲಯದಲ್ಲಿ 3,712 ಉಕ್ಕಿನ ಕೊಳವೆಗಳು ಆಕಾಶದಿಂದ ಸುರಿಯುವ ಕಣಗಳನ್ನು ಹಗಲಿರುಳೂ ಎಣಿಸುತ್ತಿವೆ. ಇವನ್ನೆಲ್ಲ ನೋಡಿಕೊಳ್ಳಲು ಡಾಕ್ಟರೇಟ್ ಪಡೆದವರು ಮಾತ್ರ ಸಾಲದು. ಬೆಸುಗೆ ಹಾಕುವವರು, ವೈರಿಂಗ್ ಬಲ್ಲವರು, ಪಂಪು ಬಿಚ್ಚಿ ಜೋಡಿಸುವವರು, ದಾಖಲೆ ಬರೆಯುವವರು ಬೇಕು. ಐಟಿಐ ಓದಿದ ಮಗನಿಗೂ ಡಿಪ್ಲೊಮಾ ಓದಿದ ಮಗಳಿಗೂ ಇಲ್ಲಿ ಮರ್ಯಾದೆಯ ಕೆಲಸವಿದೆ.

ಕನ್ನಡದಲ್ಲಿ ಓದಿದರೆ ಮಗು ಮುಂದೆ ಏನಾಗುತ್ತದೆ ಎಂದು ಪೋಷಕರು ನಮ್ಮನ್ನು ಪ್ರತಿ ಜೂನ್ ತಿಂಗಳಲ್ಲಿ ಕೇಳುತ್ತಾರೆ. ಅವರ ಆತಂಕ ಸುಳ್ಳಲ್ಲ, ನಾವು ಅದನ್ನು ಹಗುರವಾಗಿ ಕಾಣುವುದಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿಯೂ ಕಚೇರಿಯಲ್ಲಿಯೂ ತಮಿಳು, ಮುಂದಿನ ಓದಿಗೆ ಇಂಗ್ಲಿಷ್ ಎಂಬ ಮೂರು ಹೊರೆಗಳನ್ನು ನಮ್ಮ ಮಕ್ಕಳು ಹೊರುತ್ತಾರೆ. ಆದರೆ ಇಷ್ಟು ಹೊತ್ತು ನಾವು ಹೇಳಿದ್ದೆಲ್ಲವೂ ಕನ್ನಡದಲ್ಲಿಯೇ ಇತ್ತು. ಏಳನೆಯ ತರಗತಿಯ ಮಕ್ಕಳೂ ತಲೆದೂಗಿ ಕೇಳಿದರು. ಏಕೆ, ಹೇಗೆ ಎಂದು ಕೇಳುವ ಅಭ್ಯಾಸ ಮಗುವಿಗೆ ಮೊದಲು ಬರುವುದು ತಾಯಿಯ ಜೊತೆ ಆಡುವ ಮಾತಿನಲ್ಲಿ. ಅದು ಗಟ್ಟಿಯಾದರೆ ಉಳಿದ ಎರಡು ಭಾಷೆಗಳು ಅದರ ಮೇಲೆ ನಿಲ್ಲುತ್ತವೆ.

ಈಗ ಮೊದಲು ಹೇಳಿದ ಸಂಬಂಧಕ್ಕೆ ಬರುತ್ತೇವೆ. ಶಾಲೆಯೂ ಒಂದು ಯಂತ್ರವೇ. ಯಾವ ಮಗುವಿನ ತಲೆಯಲ್ಲಿ ಯಾವ ದಿನ ಬೆಳಕು ಹೊತ್ತಿಕೊಳ್ಳುತ್ತದೆ ಎಂದು ಯಾವ ಶಿಕ್ಷಕರಿಗೂ ತಿಳಿಯದು. ಅಂದು ಬಾಗಿಲು ತೆರೆದಿರಬೇಕು, ಕೊಠಡಿ ಗುಡಿಸಿರಬೇಕು, ಶೌಚಾಲಯದಲ್ಲಿ ನೀರಿರಬೇಕು, ಮಧ್ಯಾಹ್ನದ ಊಟ ಬೆಂದಿರಬೇಕು, ಪಾಠ ಮಾಡುವವರು ಎದುರಿಗಿರಬೇಕು. ಮೂರು ದಿನ ಬಾರದ ಮಗುವಿನ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ಮೂರು ಗುರುತುಗಳಿರುತ್ತವೆ. ಸೋಮಾರಿ ಎಂದು ಬರೆದು ಮುಗಿಸುವುದು ಸುಲಭ. ಹೋಗಿ ನೋಡಿದರೆ ದಾರಿಯಲ್ಲಿ ಆನೆ ನಿಂತಿರುತ್ತದೆ, ಅಥವಾ ಅಪ್ಪ ಅಮ್ಮ ಕಬ್ಬು ಕಡಿಯಲು ಹೊರಟು ತಂಗಿಯನ್ನು ನೋಡಿಕೊಳ್ಳುವ ಹೊಣೆ ಮಗುವಿನ ಮೇಲೆ ಬಿದ್ದಿರುತ್ತದೆ, ಅಥವಾ ಕಪ್ಪುಹಲಗೆ ಕಾಣದಷ್ಟು ಕಣ್ಣು ಮಂಜಾಗಿರುತ್ತದೆ. ಕಾರಣವಿಲ್ಲದ ಸದ್ದು ಯಂತ್ರದಲ್ಲಿಲ್ಲ, ಕಾರಣವಿಲ್ಲದ ಗೈರುಹಾಜರಿಯೂ ಶಾಲೆಯಲ್ಲಿಲ್ಲ. ಕಾರಣ ಸಿಕ್ಕರೆ ಕೊಳವೆಗೆ ಹೊದಿಕೆ ಹಾಕಬಹುದು, ಮಗುವಿಗೆ ಕನ್ನಡಕ ಕೊಡಿಸಬಹುದು.

ಹಳೆಯ ವಿದ್ಯಾರ್ಥಿಗಳು ಶತಮಾನೋತ್ಸವದ ನೆನಪಿಗೆ ಏನು ಕಟ್ಟಿಸಿಕೊಡಲಿ ಎಂದು ಪ್ರೀತಿಯಿಂದ ಕೇಳುತ್ತಿದ್ದಾರೆ. ಹೆಬ್ಬಾಗಿಲ ಕಮಾನು, ರಂಗಮಂದಿರ ಎಂಬ ಮಾತುಗಳು ನಡೆದಿವೆ. ಅವರ ಅಭಿಮಾನಕ್ಕೆ ನಾವು ಕೈಮುಗಿಯುತ್ತೇವೆ. ಆದರೆ ಕಟ್ಟಿಸುವವರು ಸಿಗುತ್ತಾರೆ, ನೋಡಿಕೊಳ್ಳುವವರು ಸಿಗುವುದು ಕಷ್ಟ. ಆದುದರಿಂದ ಶಿಕ್ಷಕ ವರ್ಗದ ಪರವಾಗಿ ನಮ್ಮ ಬೇಡಿಕೆ ಹೀಗಿದೆ. ಒಂದು ನಿರ್ವಹಣಾ ನಿಧಿಯನ್ನು ಸ್ಥಾಪಿಸಿ, ಅದರ ಬಡ್ಡಿಯಿಂದ ಪ್ರತಿವರ್ಷ ಮಳೆಗೆ ಮುಂಚೆ ಹೆಂಚು ಸರಿಪಡಿಸುವ, ಸೂಕ್ಷ್ಮದರ್ಶಕಗಳ ಗಾಜಿಗೆ ಹಿಡಿದ ಬೂಷ್ಟು ಒರೆಸುವ, ಗಣಕಗಳ ಬ್ಯಾಟರಿ ಬದಲಿಸುವ ಕೆಲಸ ನಡೆಯಲಿ. ಹತ್ತಿರದ ಊರುಗಳಲ್ಲಿರುವವರು ತಿಂಗಳಿಗೊಂದು ದಿನ, ಬಲ್ಲ ಕೆಲಸವನ್ನು ಹಿಡಿದು ಬರಲಿ. ಎಲೆಕ್ಟ್ರಿಷಿಯನ್ ಆದವರು ಸ್ವಿಚ್ಚು ನೋಡಲಿ, ನರ್ಸ್ ಆದವರು ಮಕ್ಕಳ ಕಣ್ಣು ನೋಡಲಿ, ರೈತರಾದವರು ಕೈತೋಟ ನೋಡಲಿ. ಏನು ಮಾಡಿದರೆಂದು ಒಂದು ದಿನಚರಿ ಪುಸ್ತಕದಲ್ಲಿ ಬರೆಯಲಿ. ಆ ಪುಸ್ತಕವನ್ನು ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಯಾರು ಬೇಕಾದರೂ ಓದುವಂತೆ ಇಡುತ್ತೇವೆ. ಅದರ ಮೊದಲ ಪುಟವನ್ನು ನಾಳೆಯೇ ತೆರೆಯುತ್ತೇವೆ. ಈ ಸಭೆ ಮುಗಿದ ಮೇಲೆ ಹೆಸರು ಕೊಡಲು ಇಚ್ಛೆಯುಳ್ಳವರು ಕಚೇರಿಗೆ ಬರಬೇಕೆಂದು ಕೋರುತ್ತೇವೆ.